ಕಥೆ ಕಟ್ಟಿದವರು, ಕಥೆ ಆಡಿಸಿದವರು

ಕವಿ ಬರೆದು ಮುಗಿಸಿದ ಕಾವ್ಯ ಅವನ ಮನೆಯ ಹೊಸ್ತಿಲು ದಾಟಿದ ಮೇಲೆ ಎಲ್ಲೆಲ್ಲಿ ತಿರುಗೀತು, ಯಾರ ಕೈಯಲ್ಲಿ ಯಾವ ವೇಷ ತೊಟ್ಟೀತು ಎಂಬುದನ್ನು ಬಲ್ಲವರಾರು? ವ್ಯಾಸರ ಕಥೆ ಪಂಪನ ಕೈಯಲ್ಲಿ ಒಂದಾಯಿತು, ಕುಮಾರವ್ಯಾಸನ ಕೈಯಲ್ಲಿ ಇನ್ನೊಂದಾಯಿತು, ಬಯಲಾಟದ ರಂಗದಲ್ಲಿ ಮತ್ತೊಂದಾಯಿತು. ಅದಕ್ಕಾಗಿ ವ್ಯಾಸರಿಗೆ ಯಾರೂ ಗೌರವಧನ ಕೊಟ್ಟದ್ದಿಲ್ಲ. ಅವರು ಕೇಳಿದ್ದೂ ಇಲ್ಲ. ಆದರೆ ಕಥೆಗಾರ ಬದುಕಿರುವಾಗಲೇ, ಅವನ ಕಣ್ಣೆದುರಿಗೇ, ಅವನ ಕಥೆ ಬೇರೊಂದು ಮಾಧ್ಯಮಕ್ಕೆ ಹೋಗಿ ಅವನ ಹೆಸರಿಗಿಂತ ದೊಡ್ಡದಾಗಿ ಬೆಳೆದು ನಿಂತರೆ ಏನಾದೀತು? ಪೋಲೆಂಡಿನಲ್ಲಿ ನಮ್ಮ ಕಾಲದಲ್ಲೇ ಇದು ನಡೆದಿದೆ. ಆ ಮಾಧ್ಯಮ ಯಾವುದೆಂದರೆ, ಸಾಹಿತ್ಯದ ಮಂದಿ ಬಹುಕಾಲ ಹುಡುಗಾಟವೆಂದು ಕಡೆಗಣಿಸಿದ ವಿಡಿಯೋ ಗೇಮು.

ಪುಸ್ತಕದಿಂದ ಆಟ ಹುಟ್ಟುವುದು ಹೊಸ ಸಂಗತಿಯೇನಲ್ಲ. ಟೋಲ್ಕಿನ್ನರ ‘ದಿ ಹಾಬಿಟ್’ ಕಾದಂಬರಿಯನ್ನು 1982ರಲ್ಲಿಯೇ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಬೀಮ್ ಸಾಫ್ಟ್‌ವೇರ್ ಸಂಸ್ಥೆಯವರು ಕಂಪ್ಯೂಟರ್ ಆಟವಾಗಿಸಿದ್ದರು. ಅದನ್ನು ರಚಿಸಿದವರಲ್ಲಿ ಮುಖ್ಯರಾದ ವೆರೋನಿಕಾ ಮೆಗ್ಲರ್ ಆಗಿನ್ನೂ ವಿದ್ಯಾರ್ಥಿನಿ. ಆಟದ ಪೆಟ್ಟಿಗೆಯೊಳಗೆ ಕಾದಂಬರಿಯ ಒಂದು ಪ್ರತಿಯನ್ನೂ ಇಟ್ಟು ಮಾರುತ್ತಿದ್ದರು. ದಾರಿ ತಪ್ಪಿದವರು ಪುಸ್ತಕ ತೆರೆದು ನೋಡಿಕೊಳ್ಳಬಹುದಿತ್ತು. 1993ರಲ್ಲಿ ರೇಮಂಡ್ ಫೀಸ್ಟ್ ಎಂಬ ಅಮೆರಿಕನ್ ಲೇಖಕರು ಸೃಷ್ಟಿಸಿದ ಲೋಕವನ್ನು ಆಧರಿಸಿ ‘ಬಿಟ್ರೇಯಲ್ ಅಟ್ ಕ್ರಾಂಡರ್’ ಎಂಬ ಆಟ ಬಂತು. ಅನಂತರ ಫೀಸ್ಟ್ ಅದೇ ಆಟವನ್ನು ಮರಳಿ ಕಾದಂಬರಿಯಾಗಿ ಬರೆದರು. ಇವೆಲ್ಲ ಇಂಗ್ಲಿಷಿನಲ್ಲಿ ಹುಟ್ಟಿ ಇಂಗ್ಲಿಷಿನಲ್ಲಿಯೇ ಬೆಳೆದ ಕೃತಿಗಳು. ಇಂಗ್ಲಿಷ್ ಬಲ್ಲ ಪ್ರಪಂಚ ಹೆಸರೇ ಕೇಳಿರದ ಒಂದು ಪುಸ್ತಕಮಾಲೆ ಆಟದ ಬೆನ್ನೇರಿ ದೇಶಾಂತರಕ್ಕೆ ಹೋದದ್ದು ಮಾತ್ರ ಪೋಲಿಷ್ ಭಾಷೆಯ ಅದೃಷ್ಟ.

ಆ ಪುಸ್ತಕಗಳ ಕರ್ತೃ ಆಂಡ್ಜೆಯ್ ಸಪ್ಕೋವ್ಸ್ಕಿ. 1948ರಲ್ಲಿ ವೂಚ್ ಎಂಬ ಕೈಗಾರಿಕಾ ನಗರದಲ್ಲಿ ಹುಟ್ಟಿದರು. ಓದಿದ್ದು ಅರ್ಥಶಾಸ್ತ್ರ, ಹೊಟ್ಟೆಪಾಡಿಗೆ ಹಿಡಿದದ್ದು ವಿದೇಶ ವ್ಯಾಪಾರದ ನೌಕರಿ. ಕಮ್ಯೂನಿಸ್ಟ್ ಆಡಳಿತವಿದ್ದ ಆ ದಿನಗಳಲ್ಲಿ, 1982ರಲ್ಲಿ, ‘ಫಂಟಾಸ್ತಿಕಾ’ ಎಂಬ ಮಾಸಪತ್ರಿಕೆ ಹೊರಟಿತು. ವೈಜ್ಞಾನಿಕ ಕಥೆಗಳಿಗೂ ಅದ್ಭುತ ಕಥೆಗಳಿಗೂ ಮೀಸಲಾದ ಪತ್ರಿಕೆ ಅದು. ಅದು ಏರ್ಪಡಿಸಿದ ಕಥಾಸ್ಪರ್ಧೆಗೆ, ವಯಸ್ಸು ನಲವತ್ತನ್ನು ಸಮೀಪಿಸುತ್ತಿದ್ದ ಸಪ್ಕೋವ್ಸ್ಕಿ ಒಂದು ಕಥೆ ಕಳುಹಿಸಿದರು. 1986ರ ಡಿಸೆಂಬರ್ ಸಂಚಿಕೆಯಲ್ಲಿ ಅದು ಅಚ್ಚಾಯಿತು. ತೀರ್ಪುಗಾರರು ಅದಕ್ಕೆ ಕೊಟ್ಟದ್ದು ಮೂರನೆಯ ಸ್ಥಾನ. ಓದುಗರು ಕೊಟ್ಟ ಸ್ಥಾನ ಬೇರೆ ಎಂಬುದು ಬೇಗನೆ ತಿಳಿಯಿತು. ಪತ್ರಿಕೆಯವರು ಮತ್ತೆ ಕಥೆ ಕೇಳಿದರು, ಇವರು ಮತ್ತೆ ಬರೆದರು.

ಕಥೆಯ ಹೆಸರು ‘ವಿಯೆಜ್ಮಿನ್’. ಇದು ಲೇಖಕರೇ ಟಂಕಿಸಿದ ಮಾತು. ಪೋಲಿಷ್ ಭಾಷೆಯಲ್ಲಿ ಮಾಟಗಾತಿಗೆ ‘ವಿಯೆಜ್ಮಾ’ ಎನ್ನುತ್ತಾರೆ. ಅದಕ್ಕೆ ಪುಲ್ಲಿಂಗವನ್ನು ಇವರು ಕಟ್ಟಿಕೊಟ್ಟರು. ಭಾಷಾಶಾಸ್ತ್ರದಲ್ಲಿ ಆಸಕ್ತಿಯುಳ್ಳವರು ಇಲ್ಲಿ ಒಂದು ಗಳಿಗೆ ನಿಲ್ಲಬಹುದು. ‘ವಿಯೆಜ್ಮಾ’ ಎಂಬುದರ ಬೇರು ‘ತಿಳಿ, ಅರಿ’ ಎಂಬರ್ಥದ ಸ್ಲಾವಿಕ್ ಧಾತು. ನಮಗೆ ಪರಿಚಿತವಾದ ‘ವೇದ’, ‘ವಿದ್ಯೆ’ಗಳ ‘ವಿದ್’ ಧಾತುವಿಗೆ ಅದು ದೂರದ ದಾಯಾದಿ. ಅಂದಮೇಲೆ ಮಾಟಗಾತಿ ಎಂದರೆ ಮೂಲದಲ್ಲಿ ಅರಿತವಳು. ವಿಯೆಜ್ಮಿನ್ ಎಂದರೆ ಅರಿತವನು. ಇಂಗ್ಲಿಷಿನಲ್ಲಿ ಮೊದಲು ‘ಹೆಕ್ಸರ್’ ಎಂಬ ಅನುವಾದವೂ ಬಳಕೆಯಾಯಿತು; ಕಡೆಗೆ ಉಳಿದುಕೊಂಡದ್ದು ‘ವಿಚರ್’. ಆಟದ ಮೂಲಕ ಜಗತ್ತಿಗೆ ಗೊತ್ತಾದದ್ದು ಈ ಎರಡನೆಯ ಹೆಸರೇ.

ಕಥಾನಾಯಕ ರಿವಿಯಾದ ಗೆರಾಲ್ಟ್. ಬಿಳಿಯ ತಲೆಗೂದಲಿನವನು, ರಾಕ್ಷಸಪ್ರಾಣಿಗಳನ್ನು ಕೊಲ್ಲುವುದೇ ಅವನ ಕಸುಬು. ಕಸುಬು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಅವನು ಧರ್ಮಸಂಸ್ಥಾಪನೆಗೆ ಅವತರಿಸಿದ ವೀರನಲ್ಲ. ಊರ ಮುಂದೆ ನಿಂತು ಕೂಲಿ ಎಷ್ಟು ಎಂದು ಚೌಕಾಸಿ ಮಾಡಿ, ಕೆಲಸ ಮುಗಿಸಿ, ಹಣ ಎಣಿಸಿಕೊಂಡು ಮುಂದಿನ ಊರಿಗೆ ಹೊರಡುವ ಅಲೆಮಾರಿ. ಜನರಿಗೆ ಅವನು ಬೇಕು, ಆದರೆ ಊರೊಳಗೆ ಬೇಡ. ಮೊದಲ ಕಥೆಯಲ್ಲಿ ಅವನು ಎದುರಿಸುವುದು ಶಾಪಗ್ರಸ್ತೆಯಾಗಿ ಪಿಶಾಚಿಯಂತಾದ ಒಬ್ಬ ರಾಜಕುಮಾರಿಯನ್ನು. 19ನೆಯ ಶತಮಾನದ ಪೋಲಿಷ್ ಲೇಖಕ ರೋಮನ್ ಜ್ಮೋರ್ಸ್ಕಿ ದಾಖಲಿಸಿದ್ದ ಜಾನಪದ ಕಥೆಯೊಂದರ ಮರುರೂಪ ಇದು. ಅವಳನ್ನು ಕೊಂದರೆ ಸುಲಭ. ಅವಳನ್ನು ಉಳಿಸಿ ಶಾಪ ಬಿಡಿಸುವುದು ಕಷ್ಟ. ನಾಯಕನು ಕಷ್ಟದ ದಾರಿಯನ್ನು ಹಿಡಿಯುತ್ತಾನೆ. ಮುಂದಿನ ಕಥೆಗಳಲ್ಲಿ ಎರಡು ಕೆಡುಕುಗಳ ನಡುವೆ ಒಂದನ್ನು ಆರಿಸಿಕೊಳ್ಳಬೇಕಾದ ಸಂಕಟ ಮತ್ತೆ ಮತ್ತೆ ಬರುತ್ತದೆ. ಯಾವುದನ್ನು ಆರಿಸಿಕೊಂಡರೂ ಕೈ ಕೊಳೆಯಾಗದೆ ಇರುವುದಿಲ್ಲ. ಈ ಗುಣವನ್ನು ನೆನಪಿಟ್ಟುಕೊಂಡರೆ ಮುಂದಿನ ಇತಿಹಾಸ ಸುಲಭವಾಗಿ ಅರ್ಥವಾಗುತ್ತದೆ.

1990ರ ದಶಕದಲ್ಲಿ ಕಥಾಸಂಗ್ರಹಗಳು ಬಂದವು. 1994ರಿಂದ 1999ರವರೆಗೆ ಐದು ಕಾದಂಬರಿಗಳ ಮಾಲೆ ಬಂತು. ಪೋಲೆಂಡಿನಲ್ಲಿಯೂ ನೆರೆಯ ಚೆಕ್, ರಷ್ಯನ್ ಭಾಷೆಗಳಲ್ಲಿಯೂ ಸಪ್ಕೋವ್ಸ್ಕಿ ಮನೆಮಾತಾದರು. ಪಶ್ಚಿಮಕ್ಕೆ ಮಾತ್ರ ಅವರ ಸುದ್ದಿ ಹೋಗಿರಲಿಲ್ಲ. ಈ ನಡುವೆ ಕಥೆಯನ್ನು ಬೇರೆ ಮಾಧ್ಯಮಗಳಿಗೆ ಒಯ್ಯುವ ಯತ್ನಗಳೂ ನಡೆದವು. 1990ರ ದಶಕದ ಉತ್ತರಾರ್ಧದಲ್ಲಿ ಮೆಟ್ರೊಪೊಲಿಸ್ ಎಂಬ ಪೋಲಿಷ್ ಸಂಸ್ಥೆ ಇದೇ ಪುಸ್ತಕಗಳಿಂದ ಆಟವೊಂದನ್ನು ರಚಿಸಲು ಕೈಹಚ್ಚಿ ಅರ್ಧಕ್ಕೇ ಬಿಟ್ಟಿತು. 2001ರಲ್ಲಿ ಚಲನಚಿತ್ರವೂ 2002ರಲ್ಲಿ ಹದಿಮೂರು ಕಂತುಗಳ ದೂರದರ್ಶನ ಧಾರಾವಾಹಿಯೂ ಬಂದವು. ಅಭಿಮಾನಿಗಳು ಚಿತ್ರಮಂದಿರದಿಂದ ಮುಖ ಬಾಡಿಸಿಕೊಂಡು ಹೊರಬಂದರು. ತನ್ನ ಕಥೆಯನ್ನು ಅನ್ಯರ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬ ಪಾಠ ಲೇಖಕರಿಗೆ ಹೀಗೆ ಎರಡೆರಡು ಸಾರಿ ಆಗಿತ್ತು.

ಇನ್ನು ಆಟ ಕಟ್ಟಿದವರ ಕಡೆಗೆ ತಿರುಗೋಣ. ಮಾರ್ಚಿನ್ ಇವಿನ್ಸ್ಕಿ, ಮಿಹಾವ್ ಕಿಚಿನ್ಸ್ಕಿ ಎಂಬ ಇಬ್ಬರು ಶಾಲೆಯ ಗೆಳೆಯರು. 1989ರಲ್ಲಿ ಹಳೆಯ ಆಡಳಿತ ಕುಸಿದು, ಪೋಲೆಂಡಿನಲ್ಲಿ ಯಾರು ಏನನ್ನಾದರೂ ಮಾರಬಹುದಾದ ಕಾಲ ಬಂದಿತ್ತು. ವಾರ್ಸಾದ ಗ್ಜಿಬೋವ್ಸ್ಕಾ ಬೀದಿಯಲ್ಲಿ ಕಂಪ್ಯೂಟರ್ ಸಂತೆ ನೆರೆಯುತ್ತಿತ್ತು. ಕಂಪ್ಯೂಟರ್ ಕಾರ್ಯಕ್ರಮಗಳಿಗೆ ಕೃತಿಸ್ವಾಮ್ಯದ ರಕ್ಷಣೆ ದೊರೆತದ್ದು 1994ರ ಕಾಯಿದೆಯಿಂದ. ಅದುವರೆಗೆ ಆಟಗಳ ನಕಲು ಪ್ರತಿಗಳನ್ನು ಬಹಿರಂಗವಾಗಿಯೇ ಮಾರುತ್ತಿದ್ದರು. ಇವರೂ ಆ ಸಂತೆಯಲ್ಲಿ ಬೆಳೆದ ಹುಡುಗರೇ. ಅದೇ 1994ರಲ್ಲಿ ಇಬ್ಬರೂ ಸೇರಿ ‘ಸಿ.ಡಿ. ಪ್ರಾಯೆಕ್ಟ್’ ಎಂಬ ಸಂಸ್ಥೆ ತೆರೆದು ವಿದೇಶೀ ಆಟಗಳನ್ನು ಕ್ರಮಬದ್ಧವಾಗಿ ತರಿಸಿ ಮಾರತೊಡಗಿದರು.

ಕದ್ದ ಮಾಲು ಕಾಸಿಗೆ ಸಿಗುವಲ್ಲಿ ಅಸಲಿಗೆ ಗಿರಾಕಿ ಎಲ್ಲಿಯವನು? ಇವರು ಕಂಡುಕೊಂಡ ಉಪಾಯ ಸ್ವಾರಸ್ಯವಾದದ್ದು. ಕೆನಡಾದ ಬಯೋವೇರ್ ಸಂಸ್ಥೆಯ ‘ಬಾಲ್ಡರ್ಸ್ ಗೇಟ್’ ಎಂಬ ದೊಡ್ಡ ಆಟವನ್ನು ಆರಿಸಿಕೊಂಡರು. ಅದರ ಸಂಭಾಷಣೆಯನ್ನೆಲ್ಲ ಪೋಲಿಷ್ ಭಾಷೆಗೆ ಅನುವಾದಿಸಿದರು. ಖ್ಯಾತ ನಟರನ್ನು ಕರೆಸಿ ಮಾತು ಆಡಿಸಿದರು. ಪೆಟ್ಟಿಗೆಯಲ್ಲಿ ಭೂಪಟ, ಕೈಪಿಡಿ, ಸಂಗೀತದ ತಟ್ಟೆ ಎಲ್ಲವನ್ನೂ ಇಟ್ಟರು. ಆಟ ಐದು ತಟ್ಟೆಗಳಷ್ಟು ದೊಡ್ಡದಾದ್ದರಿಂದ ನಕಲು ಮಾಡುವವನಿಗೂ ಖರ್ಚು ಕಡಿಮೆಯಿರಲಿಲ್ಲ. 1999ರಲ್ಲಿ ಅದು ಮಾರುಕಟ್ಟೆಗೆ ಬಂದ ಮೊದಲ ದಿನವೇ 18,000 ಪ್ರತಿಗಳು ಹೋದವು. ಜನ ಹಣ ಕೊಟ್ಟದ್ದು ಆಟಕ್ಕಷ್ಟೇ ಅಲ್ಲ, ತಮ್ಮ ನುಡಿಯಲ್ಲಿ ಆಡುವ ಸಂತೋಷಕ್ಕೂ ಕೊಟ್ಟರೆನ್ನಬೇಕು.

ಅನ್ಯರ ಆಟ ಮಾರಿದವರಿಗೆ ಸ್ವಂತದ್ದೊಂದನ್ನು ಮಾಡಬೇಕೆನ್ನಿಸುವುದು ಸಹಜ. ‘ಬಾಲ್ಡರ್ಸ್ ಗೇಟ್’ ಪರಿವಾರದ ಇನ್ನೊಂದು ಆಟವನ್ನು ಕಂಪ್ಯೂಟರಿಗೆ ಹೊಂದಿಸಿಕೊಡುವ ಕೆಲಸ ಇವರಿಗೆ ಬಂದು, ನಡುವೆಯೇ ನಿಂತುಹೋಯಿತು. ಹಾಗಾದರೆ ನಮ್ಮದನ್ನೇ ಮಾಡೋಣವೆಂದು 2002ರಲ್ಲಿ ‘ಸಿ.ಡಿ. ಪ್ರಾಯೆಕ್ಟ್ ರೆಡ್’ ಎಂಬ ಶಾಖೆಯನ್ನು ಆರಂಭಿಸಿದರು. ಅದನ್ನು ತೆರೆದ ಊರು ಸಪ್ಕೋವ್ಸ್ಕಿಯವರ ವೂಚ್ ನಗರವೇ. ಕಥೆ ಯಾವುದು ಎಂಬ ಪ್ರಶ್ನೆಗೆ ಅವರ ತಲೆಮಾರಿನ ಪೋಲಿಷ್ ಓದುಗರಿಗೆ ಉತ್ತರ ಹುಡುಕುವ ಶ್ರಮವೇ ಇರಲಿಲ್ಲ.

ಹಕ್ಕು ಕೊಳ್ಳಲು ಹೋದರು. ಲಾಭದಲ್ಲಿ ಪಾಲು ಕೊಡುತ್ತೇವೆಂದರು. ಲೇಖಕರು ಒಪ್ಪಲಿಲ್ಲ. ಲಾಭವೇ ಬರುವುದಿಲ್ಲವೆಂದು ಅವರ ಎಣಿಕೆ. ಹಣವನ್ನೆಲ್ಲ ಒಂದೇ ಗಂಟಾಗಿ ಈಗಲೇ ಕೊಡಿ ಎಂದರು. ಪತ್ರಿಕೆಗಳಲ್ಲಿ ಬಂದಿರುವ ಲೆಕ್ಕದಂತೆ ಆ ಗಂಟು ಸುಮಾರು 35,000 ಝ್ಲೋಟಿ, ಎಂದರೆ ಹತ್ತು ಸಾವಿರ ಡಾಲರಿಗೂ ಕಡಿಮೆ. ಇಂದು ನೋಡಿದವರಿಗೆ ನಗು ಬಂದೀತು. ಆದರೆ ಅಂದಿನ ಸ್ಥಿತಿಯನ್ನು ನೋಡಿ. ಹಿಂದಿನ ಆಟ ನಿಂತುಹೋಗಿತ್ತು, ಚಲನಚಿತ್ರ ಸೋತಿತ್ತು. ಎದುರಿಗೆ ನಿಂತವರು ಒಂದು ಆಟವನ್ನೂ ಪೂರ್ತಿ ಮಾಡಿದವರಲ್ಲ. ಕೈಗೆ ಬಂದದ್ದೇ ನಿಜವೆಂದು ಅರ್ಥಶಾಸ್ತ್ರ ಓದಿದವರು ಬಗೆದರೆ ಅದರಲ್ಲಿ ಅವಿವೇಕವೇನೂ ಕಾಣದು.

ಅವರ ಅನುಮಾನ ಆಧಾರವಿಲ್ಲದ್ದಾಗಿರಲಿಲ್ಲ ಎಂಬುದಕ್ಕೆ ಮೊದಲ ವರ್ಷದ ಫಲಿತಾಂಶವೇ ಸಾಕ್ಷಿ. ಸುಮಾರು ಒಂದು ವರ್ಷ ದುಡಿದು ಮಾದರಿಯೊಂದನ್ನು ಸಿದ್ಧಮಾಡಿದರು. ಮೇಲಿನಿಂದ ಕೆಳಕ್ಕೆ ನೋಡಿದಂತೆ ಚಿತ್ರ, ಪುಟ್ಟ ಗೊಂಬೆಯಂಥ ನಾಯಕ. ಅದನ್ನು ಹೊತ್ತುಕೊಂಡು ಯೂರೋಪಿನ ಪ್ರಕಾಶಕರ ಬಾಗಿಲುಗಳನ್ನು ತಟ್ಟಿದರು. ಎಲ್ಲ ಕಡೆಯೂ ಸಿಕ್ಕಿದ್ದು ಸಭ್ಯವಾದ ನಿರಾಕರಣೆ. ವೂಚ್ ನಗರದ ಕಚೇರಿ ಮುಚ್ಚಿತು. ಕೆಲಸವನ್ನೆಲ್ಲ ವಾರ್ಸಾಕ್ಕೆ ತಂದು ಮೊದಲಿನಿಂದ ಆರಂಭಿಸಿದರು.

ಆಗ ನೆರವಿಗೆ ಬಂದದ್ದು ಹಳೆಯ ಪರಿಚಯ. ಬಯೋವೇರ್ ಸಂಸ್ಥೆಯವರು ತಮ್ಮ ‘ಅರೋರಾ’ ಎಂಬ ಯಂತ್ರಾಂಗವನ್ನು ಬಳಸಲು ಕೊಟ್ಟರು. ಆಟದ ಯಂತ್ರಾಂಗವೆಂದರೆ, ಪರದೆಯ ಮೇಲೆ ನೆಲ, ಬೆಳಕು, ಚಲನೆಗಳನ್ನು ಮೂಡಿಸುವ ಒಳಗಿನ ವ್ಯವಸ್ಥೆ. ಇವರು ಅದರಲ್ಲಿ ಬಹುಭಾಗವನ್ನು, ಮುಖ್ಯವಾಗಿ ಚಿತ್ರಣದ ಭಾಗವನ್ನು, ಹೊಸದಾಗಿ ಬರೆದುಕೊಂಡರು. 2004ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ನಡೆದ ಆಟಗಳ ದೊಡ್ಡ ಪ್ರದರ್ಶನದಲ್ಲಿ ಬಯೋವೇರ್ ತನ್ನ ಮಳಿಗೆಯಲ್ಲೇ ಇವರಿಗೆ ಒಂದು ಮೂಲೆ ಬಿಟ್ಟುಕೊಟ್ಟಿತು. ಹತ್ತಿಪ್ಪತ್ತು ಮಂದಿಯಿಂದ ತೊಡಗಿದ ತಂಡ ನೂರರವರೆಗೆ ಬೆಳೆಯಿತು. ಖರ್ಚು ಸುಮಾರು 2 ಕೋಟಿ ಝ್ಲೋಟಿಗೆ ಮುಟ್ಟಿತು.

ಪುಸ್ತಕವನ್ನು ಆಟವಾಗಿಸುವಾಗ ಒಂದು ಮೂಲಭೂತ ತೊಡಕು ಎದುರಾಗುತ್ತದೆ. ಕಾದಂಬರಿಯಲ್ಲಿ ನಾಯಕ ಏನು ಮಾಡಬೇಕೆಂಬುದನ್ನು ಲೇಖಕನೇ ನಿರ್ಧರಿಸಿರುತ್ತಾನೆ. ಆಟದಲ್ಲಿ ಅದು ಆಡುವವನ ಕೈಲಿರಬೇಕು. ಇಲ್ಲದಿದ್ದರೆ ಅದು ಆಟವೇ ಅಲ್ಲ. ತಾಳಮದ್ದಲೆಯಲ್ಲಿ ಪದ್ಯ ಪ್ರಸಂಗಕರ್ತನದು, ಅರ್ಥ ಹೇಳುವವನ ಮಾತು ಅವನದೇ, ಆದರೆ ಕೃಷ್ಣಸಂಧಾನದಲ್ಲಿ ಸಂಧಿ ಆಗಿಬಿಡುವಂತಿಲ್ಲ. ಆಟದಲ್ಲಿ ಸಂಧಿಯೂ ಆಗಬಲ್ಲದು! ಹೀಗಿರುವಾಗ ಬರೆದಾಗಿರುವ ಕಥೆಯನ್ನು ಆಡಿಸುವುದು ಹೇಗೆ?

ಮೊದಲಿನ ಯೋಜನೆಯಲ್ಲಿ ಗೆರಾಲ್ಟ್ ನಾಯಕನೇ ಆಗಿರಲಿಲ್ಲ. ಅವನ ಕಸುಬಿನ ಬೇರೊಬ್ಬನನ್ನು ಇಟ್ಟುಕೊಳ್ಳುವ ಆಲೋಚನೆಯಿತ್ತು. ಅನಂತರ ಮನಸ್ಸು ಬದಲಾಯಿಸಿ ಗೆರಾಲ್ಟನನ್ನೇ ತಂದರು, ಆದರೆ ಪುಸ್ತಕದ ಕಥೆಯನ್ನು ತರಲಿಲ್ಲ. ಐದನೆಯ ಕಾದಂಬರಿಯ ಕೊನೆಯಲ್ಲಿ ಉದ್ರಿಕ್ತ ಜನರ ಗುಂಪೊಂದು ಕುಬ್ಜ ಜನಾಂಗದವರ ಮೇಲೆ ಬಿದ್ದಾಗ ತಡೆಯಹೋಗಿ ಗೆರಾಲ್ಟ್ ಕವೆಗೋಲಿನ ಇರಿತಕ್ಕೆ ಸಿಕ್ಕುತ್ತಾನೆ. ಆಟ ಅದಾದ ಐದು ವರ್ಷಗಳ ಮೇಲೆ ಆರಂಭವಾಗುತ್ತದೆ. ಗೆರಾಲ್ಟ್ ಬದುಕಿ ಬಂದಿದ್ದಾನೆ, ಆದರೆ ಅವನಿಗೆ ಹಿಂದಿನದೊಂದೂ ನೆನಪಿಲ್ಲ.

ಮರೆವು ಹಳೆಯ ಕಥನತಂತ್ರ; ದುಷ್ಯಂತನನ್ನು ಕಂಡ ನಮಗೆ ಅದು ಅಪರಿಚಿತವಲ್ಲ. ಇಲ್ಲಿ ಅದು ಮಾಡಿದ ಉಪಕಾರ ಮಾತ್ರ ಹೊಸದು. ಪುಸ್ತಕ ಓದದ ಜರ್ಮನಿಯ ಅಥವಾ ಅಮೆರಿಕೆಯ ಆಟಗಾರನಿಗೆ ಈ ಲೋಕದ ವಿಷಯ ಎಷ್ಟು ತಿಳಿದಿದೆಯೋ ನಾಯಕನಿಗೂ ಅಷ್ಟೇ ತಿಳಿದಿದೆ. ಇಬ್ಬರೂ ಕೂಡಿಯೇ ಕಲಿಯುತ್ತಾರೆ. ಪುಸ್ತಕ ಓದಿದ ಪೋಲಿಷ್ ಆಟಗಾರನಿಗಾದರೋ ನಾಯಕ ಮರೆತದ್ದೆಲ್ಲ ನೆನಪಿದೆ. ಹಳೆಯ ಗೆಳೆಯನ ಮುಖ ಕಂಡಾಗ ಅವನ ಎದೆ ಹೊಡೆದುಕೊಳ್ಳುತ್ತದೆ. ಒಂದೇ ಉಪಾಯ ಎರಡು ಬಗೆಯ ಜನರನ್ನು ಒಂದೇ ಬಾಗಿಲಿನಿಂದ ಒಳಗೆ ಕರೆದುಕೊಂಡಿತು. ಇಷ್ಟಾಗಿಯೂ ಆಟದ ಪ್ರಾರಂಭಚಿತ್ರಕ್ಕೆ ಅವರು ಆರಿಸಿದ್ದು 1986ರ ಆ ಮೊದಲ ಕಥೆಯನ್ನೇ: ಹಾಳು ಅರಮನೆಯಲ್ಲಿ ಶಾಪಗ್ರಸ್ತ ರಾಜಕುಮಾರಿಯೊಡನೆ ಬೆಳಗಿನವರೆಗೆ ನಡೆಯುವ ಹೋರಾಟ.

ಕಥೆಯನ್ನು ಬಿಟ್ಟರೂ ಕಥೆಯ ಧರ್ಮಸಂಕಟವನ್ನು ಬಿಡಲಿಲ್ಲ. ಆಟದಲ್ಲಿ ಒಂದು ರಾತ್ರಿ ನದಿಯ ದಡದಲ್ಲಿ ವರ್ತಕನ ಸರಕನ್ನು ಕಾಯುವ ಕೆಲಸ ಬರುತ್ತದೆ. ಬಂಡೆದ್ದ ಯಕ್ಷಜನಾಂಗದವರು ಬಂದು, ಇದು ನಮ್ಮದು, ಬಿಡು ಎನ್ನುತ್ತಾರೆ. ದಬ್ಬಾಳಿಕೆಗೆ ಸಿಕ್ಕ ಜನ. ಬಿಟ್ಟುಕೊಡುವುದೇ ನ್ಯಾಯವೆಂದು ತೋರುತ್ತದೆ. ಬಹಳ ಹೊತ್ತಿನ ಮೇಲೆ, ಇನ್ನೊಂದು ಊರಿನಲ್ಲಿ, ನಾಯಕನಿಗೆ ಬೇಕಾಗಿದ್ದ ಮನುಷ್ಯನೊಬ್ಬ ಬಾಣ ತಾಗಿ ಸತ್ತುಬಿದ್ದಿರುತ್ತಾನೆ. ಆ ರಾತ್ರಿಯ ಪೆಟ್ಟಿಗೆಗಳಲ್ಲಿ ಇದ್ದದ್ದು ಆಯುಧ. ಇತರ ಆಟಗಳಲ್ಲಿ ತಪ್ಪಾದರೆ ಒಂದು ಹೆಜ್ಜೆ ಹಿಂದೆ ಹೋಗಿ ಸರಿಪಡಿಸಿಕೊಳ್ಳಬಹುದು. ಇಲ್ಲಿ ಫಲ ತಿಳಿಯುವ ಹೊತ್ತಿಗೆ ಹಿಂದಿರುಗುವ ದಾರಿ ಬಹಳ ದೂರವಾಗಿರುತ್ತದೆ. ಸಪ್ಕೋವ್ಸ್ಕಿಯವರ ಒಂದು ವಾಕ್ಯವನ್ನೂ ಬಳಸದೆ ಅವರ ಪುಸ್ತಕಗಳ ಸಾರವನ್ನು ಹೀಗೆ ಆಡುವವನ ಅನುಭವಕ್ಕೆ ತಂದದ್ದು ಒಳ್ಳೆಯ ವಿಮರ್ಶಕರು ಮಾಡುವ ಕೆಲಸ.

2007ರ ಅಕ್ಟೋಬರಿನಲ್ಲಿ ಆಟ ಹೊರಬಂತು. ಮೆಚ್ಚಿಕೆಯ ಜೊತೆಗೆ ದೂರುಗಳೂ ಬಂದವು. ಅವುಗಳಲ್ಲಿ ಮುಖ್ಯವಾದದ್ದು ಭಾಷೆಯದು. ಪೋಲಿಷ್‌ನಲ್ಲಿ ರಸವತ್ತಾಗಿದ್ದ ಸಂಭಾಷಣೆಯನ್ನು ಇಂಗ್ಲಿಷಿಗೆ ತರುವಾಗ ಕತ್ತರಿಸಿ ಕತ್ತರಿಸಿ ಒಣಕಲು ಮಾಡಿದ್ದರು. ಸಂಸ್ಥೆಯವರು ಸುಮ್ಮನೆ ಕೂರಲಿಲ್ಲ. ಮರುವರ್ಷ, 2008ರಲ್ಲಿ, ಸಾವಿರಾರು ಮಾತುಗಳನ್ನು ಮತ್ತೆ ಬರೆಸಿ, ಮತ್ತೆ ಧ್ವನಿಮುದ್ರಿಸಿ, ಪರಿಷ್ಕೃತ ಆವೃತ್ತಿಯನ್ನು ತಂದರು. ಮೊದಲೇ ಕೊಂಡವರಿಗೆ ಅದನ್ನು ಉಚಿತವಾಗಿ ಕೊಟ್ಟರು. ಅಂಗಡಿಯಲ್ಲಿ ಮಾರಿದ ಪೆಟ್ಟಿಗೆಯಲ್ಲಿ ಸಪ್ಕೋವ್ಸ್ಕಿಯವರ ಆ ಮೊದಲ ಕಥೆಯ ಮುದ್ರಿತ ಪ್ರತಿಯೂ ಇತ್ತು. ಆ ವರ್ಷ ಮುಗಿಯುವುದರೊಳಗೆ 10 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು.

ಮುಂದಿನದನ್ನು ಚುಟುಕಾಗಿ ಹೇಳಬಹುದು. ಎರಡನೆಯ ಆಟ 2011ರ ಮೇ ತಿಂಗಳಲ್ಲಿ ಬಂತು. ಅದೇ ತಿಂಗಳು ವಾರ್ಸಾಕ್ಕೆ ಬಂದಿದ್ದ ಅಮೆರಿಕೆಯ ಅಧ್ಯಕ್ಷ ಒಬಾಮರಿಗೆ ಪೋಲೆಂಡಿನ ಪ್ರಧಾನಿ ಡೊನಾಲ್ಡ್ ಟುಸ್ಕ್ ಕೊಟ್ಟ ಕಾಣಿಕೆಗಳಲ್ಲಿ ಅದೂ ಒಂದು. 2015ರ ಮೇ ತಿಂಗಳಲ್ಲಿ ಮೂರನೆಯದು ಬಂತು. 2023ರ ಹೊತ್ತಿಗೆ ಆ ಒಂದು ಆಟವೇ 5 ಕೋಟಿ ಪ್ರತಿಗಳನ್ನು ಮೀರಿತು. ಪೋಲಿಷ್ ಮಾತನಾಡುವ ಜನರ ಸಂಖ್ಯೆಗಿಂತ ಇದು ಹೆಚ್ಚು.

ಮೂವತ್ತೈದು ಸಾವಿರಕ್ಕೆ ಕಥೆ ಕೊಟ್ಟವರ ಮನಸ್ಸಿನಲ್ಲಿ ಏನು ನಡೆದಿರಬೇಕು? ತಾವು ಆಗ ಯಶಸ್ಸನ್ನು ನಂಬಲಿಲ್ಲ, ಅದು ತಮ್ಮ ಮೂರ್ಖತನ ಎಂದು ಸಪ್ಕೋವ್ಸ್ಕಿ 2017ರ ಸಂದರ್ಶನವೊಂದರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದರು. ಅವರಿಗೆ ಹಣಕ್ಕಿಂತ ಬೇರೆ ನೋವೂ ಇತ್ತು. ವಿದೇಶೀ ಪ್ರಕಾಶಕರು ಅವರ ಪುಸ್ತಕಗಳಿಗೆ ಆಟದ ಚಿತ್ರಗಳನ್ನೇ ಹೊದಿಕೆಯಾಗಿ ಹಾಕಿದರು. ಪುಸ್ತಕವೇ ಆಟವನ್ನು ನೋಡಿ ಬರೆದದ್ದೆಂದು ತಿಳಿದವರೂ ಉಂಟು. ತಂದೆಯನ್ನು ಮಗನ ಹೆಸರು ಹೇಳಿ ಗುರುತಿಸಿದಂತಾಯಿತು. ಆಟಗಳು ತಮ್ಮ ಕಥೆಯ ಮುಂದುವರಿಕೆಯಲ್ಲ ಎಂದು ಅವರು ಖಂಡಿತವಾಗಿ ಹೇಳುತ್ತ ಬಂದಿದ್ದಾರೆ.

2018ರ ಅಕ್ಟೋಬರಿನಲ್ಲಿ ಅವರ ವಕೀಲರು ಸಂಸ್ಥೆಗೆ ಪತ್ರ ಬರೆದು 6 ಕೋಟಿ ಝ್ಲೋಟಿ ಕೇಳಿದರು. ಆಧಾರ, ಅದೇ 1994ರ ಕೃತಿಸ್ವಾಮ್ಯ ಕಾಯಿದೆಯ 44ನೆಯ ವಿಧಿ. ಲೇಖಕನಿಗೆ ಸಂದ ಸಂಭಾವನೆಗೂ ಹಕ್ಕು ಕೊಂಡವನಿಗೆ ಬಂದ ಲಾಭಕ್ಕೂ ಅಜಗಜಾಂತರವಿದ್ದರೆ, ತಕ್ಕಷ್ಟು ಹೆಚ್ಚಿಸಬೇಕೆಂದು ಲೇಖಕ ನ್ಯಾಯಾಲಯವನ್ನು ಕೇಳಬಹುದೆಂಬುದು ಅದರ ಭಾವ. ಆಟಗಳಿಗೆ ರಕ್ಷಣೆ ಕೊಟ್ಟು ಸಂಸ್ಥೆಯನ್ನು ಬೆಳೆಯಗೊಟ್ಟ ಕಾಯಿದೆಯೇ ಈಗ ಲೇಖಕರ ಬೆನ್ನಿಗೂ ನಿಂತಿತು. ಸಂಸ್ಥೆ ಮೊದಲು ಬೇಡಿಕೆಗೆ ಆಧಾರವಿಲ್ಲವೆಂದಿತು. ಆದರೂ ಮಾತುಕತೆ ನಡೆದು 2019ರ ಡಿಸೆಂಬರಿನಲ್ಲಿ ಇಬ್ಬರೂ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು.

ಯಾರು ಯಾರಿಗೆ ಋಣಿ? ಆಟವಿಲ್ಲದೆಯೂ ಪುಸ್ತಕ ತನ್ನ ನಾಡಿನಲ್ಲಿ ಬಾಳುತ್ತಿತ್ತು. ಪುಸ್ತಕವಿಲ್ಲದೆ ಈ ಆಟ ಹುಟ್ಟುತ್ತಲೇ ಇರಲಿಲ್ಲ. ಅಷ್ಟರಮಟ್ಟಿಗೆ ಲೇಖಕರ ಪಾಲು ಹಿರಿದು. ಆದರೆ ಅವರ ಕಥೆಗಳ ಮೊದಲ ಸಂಗ್ರಹ ಇಂಗ್ಲಿಷಿನಲ್ಲಿ ಅಚ್ಚಾದದ್ದು 2007ರಲ್ಲಿ, ಆಟ ಬಂದ ವರ್ಷವೇ. ಕಾದಂಬರಿಮಾಲೆಯ ಅನುವಾದ ಮುಗಿದದ್ದು 2017ರಲ್ಲಿ, ಮೂರನೆಯ ಆಟ ಬಂದ ಎರಡು ವರ್ಷಕ್ಕೆ. ಒಂದು ಭಾಷೆಯ ಬರಹ ಹೊರಗೆ ಹೋಗಲು ಅನುವಾದವೊಂದೇ ದಾರಿಯೆಂದು ಸಾಹಿತ್ಯದ ಮೇಷ್ಟರುಗಳಾದ ನಾವು ನಂಬಿ, ಆ ದಾರಿಯ ಸುಂಕದಕಟ್ಟೆಗಳನ್ನು ಎಣಿಸುತ್ತ ಕುಳಿತಿರುತ್ತೇವೆ. ವಾರ್ಸಾದ ಸಂತೆಯಲ್ಲಿ ತಟ್ಟೆ ಮಾರುತ್ತಿದ್ದ ಹುಡುಗರು ಬೇರೊಂದು ದಾರಿಯನ್ನು ಕಡಿದರು. ಕಡಿಯುವ ಬಲ ಅವರಿಗೆ ಬಂದದ್ದು ಯಂತ್ರದಿಂದ ಮಾತ್ರವಲ್ಲ. ಹದಿಹರೆಯದಲ್ಲಿ ತಮ್ಮ ನುಡಿಯ ಒಂದು ಕಥೆಯನ್ನು ಮನಸಾರೆ ಓದಿದ್ದರಿಂದ. ಓದಿದವರು ಇಲ್ಲದಿದ್ದರೆ ಕೊಂಡವರೂ ಇರುತ್ತಿರಲಿಲ್ಲ. 2024ರ ಡಿಸೆಂಬರಿನಲ್ಲಿ ಆ ಸಂಸ್ಥೆ ನಾಲ್ಕನೆಯ ಆಟವನ್ನು ಘೋಷಿಸಿತು. ಅದಕ್ಕೆ ಸುಮಾರು ಎರಡು ವಾರ ಮೊದಲು ಎಪ್ಪತ್ತಾರರ ಸಪ್ಕೋವ್ಸ್ಕಿ ಗೆರಾಲ್ಟನ ಯೌವನದ ಮೇಲೆ ಹೊಸ ಕಾದಂಬರಿಯೊಂದನ್ನು ಪ್ರಕಟಿಸಿದ್ದರು. ಅದನ್ನು ಮೊದಲು ಓದಿದವರು ಪೋಲಿಷ್ ಬಲ್ಲವರೇ.